ಪದಬಂಧ ಕಟ್ಟುವವರ ಪ್ರಶ್ನೆಗಳು

ಪದಬಂಧ ಬಿಡಿಸುವವರ ಪತ್ರಗಳು ಮೊದಲಿನಿಂದಲೂ ಬರುತ್ತವೆ. "ಮೇಲಿನಿಂದ ಕೆಳಕ್ಕೆ 7ರ ಉತ್ತರ ಹೇಗೆ ಬಂತು?" ಅಂತ ಕೇಳುವ ಪತ್ರಗಳು ಅವು. ಈಚೆಗೆ ಬೇರೆ ಥರದ ಪತ್ರಗಳು ಬರುತ್ತಿವೆ. ಬಿಡಿಸಿದ್ದು ಸಾಕು, ನಾವೇ ಕಟ್ಟಬೇಕು ಅನ್ನುವವರು ಬರೆಯುತ್ತಿದ್ದಾರೆ. ಹಗಲೆಲ್ಲ ಕರಡು ತಿದ್ದಿ, ಸಂಜೆ ಚೌಕಳಿ ಹಾಳೆ ಹರಡಿಕೊಂಡು ಕೂರುವ ನನಗೆ ಇದಕ್ಕಿಂತ ಖುಷಿ ಏನಿದೆ! ಈ ಸಲ ನಿಯಮಗಳ ಬಗ್ಗೆ ಬಂದ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇನೆ. ಯಾರೂ ಹೇಳದಿದ್ದರೂ ನಾವೇ ಹಾಕಿಕೊಳ್ಳುವ ನಿಯಮಗಳು, ಅವುಗಳಿಂದ ಆಗುವ ಲಾಭ ಮತ್ತು ಫಜೀತಿ.

ಅಮೆರಿಕನ್ ಮಾದರಿಯ ಇಂಗ್ಲಿಷ್ ಕ್ರಾಸ್‌ವರ್ಡಿನಲ್ಲಿ ಕಪ್ಪು ಮನೆಗಳು ಕಡಿಮೆ. ನಮ್ಮ ಪದಬಂಧಗಳಲ್ಲಿ ಎಲ್ಲಿ ನೋಡಿದರೂ ಕಪ್ಪು. ಇದು ಕಟ್ಟುವವರ ಸೋಮಾರಿತನ ಅಲ್ಲವೇ? — ಹೈಸ್ಕೂಲ್ ಮೇಷ್ಟ್ರು, ಹಿರಿಯೂರು

ಅಲ್ಲ ಮೇಷ್ಟ್ರೇ. ಅ.ನಾ. ಪ್ರಹ್ಲಾದರಾವ್ ಅವರಂಥವರು ಕನ್ನಡದಲ್ಲಿ ಸಾವಿರಾರು ಪದಬಂಧ ರಚಿಸಿದ್ದಾರೆ. ಆ ದುಡಿಮೆ ನೋಡಿದವರಿಗೆ ಸೋಮಾರಿತನ ಅನ್ನುವ ಮಾತೇ ಬರುವುದಿಲ್ಲ. ಕಾರಣ ಇರುವುದು ನಮ್ಮ ಲಿಪಿಯಲ್ಲಿ.

ಇಂಗ್ಲಿಷಿನಲ್ಲಿ ಒಂದು ಮನೆಯಲ್ಲಿ ಕೂರಬಹುದಾದದ್ದು 26 ಅಕ್ಷರಗಳಲ್ಲಿ ಒಂದು. ನಮ್ಮಲ್ಲಿ ಲೆಕ್ಕ ಹಾಕಿ. ವ್ಯಂಜನ 34. ಕ, ಕಾ, ಕಿ, ಕೀ ಎಂದು ಕಂ, ಕಃ ತನಕ ಕಾಗುಣಿತದ ರೂಪ 15. ಗುಣಿಸಿದರೆ 510. ಇದಕ್ಕೆ ಸ್ವರಗಳನ್ನು ಸೇರಿಸಿ. ಆಮೇಲೆ ಒತ್ತಕ್ಷರಗಳು, ಅವಕ್ಕಂತೂ ಕೊನೆಯೇ ಇಲ್ಲ. ಎರಡು ಪದ ಒಂದು ಮನೆಯಲ್ಲಿ ಕೂಡಬೇಕಾದರೆ ವ್ಯಂಜನ ಹೊಂದಿದರೆ ಸಾಲದು. ಗುಣಿತ ಹೊಂದಬೇಕು, ಒತ್ತು ಹೊಂದಬೇಕು.

ಕಾವೇರಿ ಬರೆದಿರಿ ಅಂದುಕೊಳ್ಳಿ. ನಡುವಿನ 'ವೇ' ಮೂಲಕ ಮೇಲಿನಿಂದ ಕೆಳಕ್ಕೆ ಒಂದು ಪದ ಇಳಿಯಬೇಕು. ವೇಳೆ, ವೇಷ, ಪ್ರವೇಶ, ನಿವೇಶನ, ನೈವೇದ್ಯ... ಇಷ್ಟಕ್ಕೇ ತಡವರಿಸುತ್ತೇವೆ. ಅದೇ ಶರಾವತಿ ಬರೆದರೆ ಕೊನೆಯ 'ತಿ' ಬಹಳ ಉದಾರಿ. ತಿಂಗಳಿಗೆ ಅನುಸ್ವಾರ ಇರುವುದರಿಂದ ಅದು ಬರುವುದಿಲ್ಲ, ಆದರೆ ತಿಥಿ, ತಿರುವು, ತಿಳಿಸಾರು, ಜಾತಿ, ಪ್ರೀತಿ, ಮಾಹಿತಿ ಎಲ್ಲ ಬರುತ್ತವೆ. ಯಾವ ಅಕ್ಷರ ಉದಾರಿ, ಯಾವುದು ಜಿಪುಣ ಎಂದು ಗೊತ್ತಾಗುವುದೇ ಈ ಕೆಲಸದ ಅರ್ಧ.

ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಣ, ಳ ಅಕ್ಷರಗಳಿಂದ ಪದ ಶುರುವಾಗುವುದಿಲ್ಲ. ಳ್ಳಿ, ತ್ತು, ಣ್ಣ ಥರದ ಸಜಾತೀಯ ಒತ್ತಿನಿಂದಲೂ ಶುರುವಾಗುವುದಿಲ್ಲ. ಹಾಗಾಗಿ 'ಹಳ್ಳಿ' ಬರೆದರೆ ಆ 'ಳ್ಳಿ' ಮನೆಯಿಂದ ಕೆಳಗೆ ಹೊಸ ಪದ ಹೊರಡಲಾರದು. ಮೇಲಿನಿಂದ ಬಂದ ಪದ ಅಲ್ಲಿ ಹಾದು ಹೋಗಬಹುದು, ಇಲ್ಲವೇ ಅಲ್ಲೇ ಮುಗಿಯಬಹುದು. ನಮ್ಮ ಪದಗಳಲ್ಲಿ ಬಹಳಷ್ಟು 'ಉ'ಕಾರದಲ್ಲಿ ಮುಗಿಯುತ್ತವೆ. ಊರಿನ 'ರು' ಸಿಕ್ಕರೆ ರುಚಿ, ರುಮಾಲು ಇವೆ. ಹಾಲಿನ 'ಲು' ಸಿಕ್ಕರೆ ಲುಕ್ಸಾನು ಇದೆ. ಹಸುವಿನ 'ಸು' ಸಿಕ್ಕರೆ ಹಬ್ಬ. ಕಾಡಿನ 'ಡು' ಸಿಕ್ಕರೆ ಡುಬ್ಬ ಬಿಟ್ಟು ಬೇರೆ ಹುಡುಕಲು ತಲೆ ಕೆರೆದುಕೊಳ್ಳಬೇಕು.

ಅಮೆರಿಕನ್ನರ ಕಟ್ಟುನಿಟ್ಟು ನಿಯಮಗಳು ಅವರ 26 ಅಕ್ಷರಗಳಿಗೆ ಹೊಂದುವಂಥವು. ಪ್ರತಿ ಅಕ್ಷರವೂ ಅಡ್ಡಕ್ಕೂ ಉದ್ದಕ್ಕೂ ಪದದೊಳಗೆ ಇರಬೇಕು. ಮೂರಕ್ಷರಕ್ಕಿಂತ ಚಿಕ್ಕ ಪದ ಕೂಡದು. ಪುಟವನ್ನು ತಲೆಕೆಳಗು ಮಾಡಿದರೂ ಕಪ್ಪು ಮನೆಗಳ ಚಿತ್ರ ಹಾಗೇ ಕಾಣಬೇಕು. ನ್ಯೂಯಾರ್ಕ್ ಟೈಮ್ಸ್ 1942ರಲ್ಲಿ ಕ್ರಾಸ್‌ವರ್ಡ್ ಶುರು ಮಾಡಿದಾಗ ಅದರ ಸಂಪಾದಕಿ ಮಾರ್ಗರೆಟ್ ಫರಾರ್ ಇವನ್ನು ಗಟ್ಟಿ ಮಾಡಿದರು. ಅವರಲ್ಲೂ ಕೆಲವರಿಗೆ ಅಷ್ಟು ಸಾಲದು. ಜೋ ಕ್ರೋಜೆಲ್ ಎನ್ನುವವರು 2012ರಲ್ಲಿ 15×15ರ ಚೌಕವನ್ನು ಬರೀ 17 ಕಪ್ಪು ಮನೆಗಳಲ್ಲಿ ಮುಗಿಸಿದರು. 225 ಮನೆಗಳಲ್ಲಿ 17! ಕನ್ನಡದಲ್ಲಿ ಅಂಥದ್ದನ್ನು ನಾನು ಕೇಳುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ. ಹಾಗೆ ಮಾಡಲು ಹೋದರೆ ನಿಘಂಟಿನ ಮೂಲೆಯ ಧೂಳು ಹಿಡಿದ ಪದಗಳೇ ತುಂಬಿಕೊಳ್ಳುತ್ತವೆ.

ಅಕ್ಕಾರ, ಪದಬಂಧ ಕಟ್ಟೋದು ಮೊದಲೇ ಕಷ್ಟ ಅಂತೀರಿ. ಅದರ ಮೇಲೆ ನಿಮಗೆ ನೀವೇ ನಿಯಮ ಹಾಕ್ಕೊಂಡ್ರೆ ಬಿಡಿಸೋರಿಗೆ ಏನು ಸಿಕ್ಕಂಗಾತು? — ಓದುಗರು, ಧಾರವಾಡ

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ನಿಯಮದ ಕಷ್ಟ ಕಟ್ಟುವವರಿಗೆ, ಸುಖ ಬಿಡಿಸುವವರಿಗೆ. ಹಾಗಿದ್ದರೆ ಮಾತ್ರ ಆ ನಿಯಮ ಇರಲಿ. ಉಲ್ಟಾ ಆದರೆ ಅದನ್ನು ಕಿತ್ತು ಹಾಕಬೇಕು. ನಾನು ಎಲ್ಲ ನಿಯಮಗಳನ್ನೂ ಅಳೆಯುವುದು ಇದರಿಂದಲೇ.

ನನ್ನ ಮೊದಲ ನಿಯಮ ಹೇಳುತ್ತೇನೆ. ಪದಬಂಧದಲ್ಲಿ ಮಾತ್ರ ಬದುಕಿರುವ ಪದ ಬೇಡ. ಅಹಿ, ಇಭ, ಅಸು, ಅಳಿ, ಇನ, ನಗ, ಖಗ. ಹಾವು ಕಂಡು "ಅಯ್ಯೋ ಅಹಿ!" ಅಂತ ಯಾರಾದರೂ ಕೂಗಿದ್ದಾರಾ? ಆದರೂ ದಿನಾ ಪದಬಂಧ ಬಿಡಿಸುವವರಿಗೆ ಇವೆಲ್ಲ ಬಾಯಿಪಾಠ. 'ಆನೆ (2)' ಎಂದು ಕಂಡ ತಕ್ಷಣ ಗಜ, ಕರಿ, ಇಭ ಮೂರನ್ನೂ ಮನಸ್ಸಿನಲ್ಲೇ ಇಟ್ಟು ನೋಡುತ್ತಾರೆ. ಹಳಗನ್ನಡ ಕಾವ್ಯದಲ್ಲಿ, ಸಂಸ್ಕೃತದಲ್ಲಿ ಈ ಪದಗಳಿಗೆ ಅವುಗಳದೇ ಚೆಲುವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಪದಬಂಧದಲ್ಲಿ ಮಾತ್ರ ಅವು ಸಂದಿ ಮುಚ್ಚಲು ಬರುತ್ತವೆ.

ಅವನ್ನು ಬಿಟ್ಟರೆ ಏನಾಗುತ್ತದೆ ನೋಡಿ. ಒಂದು ಮೂಲೆಯಲ್ಲಿ 'ಇ' ಬಂದಿದೆ, ಪಕ್ಕದಲ್ಲಿ ಒಂದೇ ಮನೆ ಇದೆ. ಇಭ ಅಥವಾ ಇನ ಹಾಕಿದರೆ ಅರ್ಧ ನಿಮಿಷದ ಕೆಲಸ. ಅವು ಕೂಡದು ಎಂದಾಗ ಮೂಲೆಯನ್ನೇ ಬಿಚ್ಚಬೇಕು. ಅಕ್ಕಪಕ್ಕದ ಎರಡು ಪದ ಅಳಿಸಬೇಕು. ಆಗ ಅಲ್ಲಿ ಇಡ್ಲಿ ಕೂರಬಹುದು. ಮನೆ ಇನ್ನೊಂದು ಸಿಕ್ಕರೆ ಇಬ್ಬನಿ ಬರಬಹುದು. ಬೆಳಿಗ್ಗೆ ಪೇಪರ್ ಹಿಡಿದು ಕೂತವರಿಗೆ ಇಭಕ್ಕಿಂತ ಇಬ್ಬನಿ ಸಿಕ್ಕರೆ ಚೆನ್ನ ಅಲ್ವಾ?

ಎರಡನೆಯ ನಿಯಮ, ವಿಭಕ್ತಿ ಹತ್ತಿದ ಪದ ಬೇಡ. ಮನೆಯಲ್ಲಿ, ಊರಿಗೆ, ನನಗೆ ಇವು ಕೂಡದು. ಬಂದನು, ಹೋದಳು ಕೂಡದು. ನಮ್ಮ ಭಾಷೆಯಲ್ಲಿ ಪದಕ್ಕೆ ಬಾಲ ಹಚ್ಚುತ್ತಾ ಹೋದರೆ ಎಷ್ಟು ಉದ್ದದ ಜಾಗವನ್ನಾದರೂ ತುಂಬಬಹುದು. ಅದರಲ್ಲಿ ಜಾಣತನ ಇಲ್ಲ.

ಇವೆರಡು ಯಾವಾಗಲೂ ಇರುವ ನಿಯಮಗಳು. ಇವುಗಳ ಮೇಲೆ ಒಂದೊಂದು ಪದಬಂಧಕ್ಕೆ ಒಂದೊಂದು ವಿಶೇಷ ನಿಯಮ ಹಾಕಿಕೊಳ್ಳುತ್ತೇನೆ. ಒಮ್ಮೆಗೆ ಒಂದೇ. ಒತ್ತಕ್ಷರವೇ ಇಲ್ಲದ ಪದಬಂಧ ಕಟ್ಟಿ ನೋಡಿ. ಓದು ಕಲಿಯುತ್ತಿರುವ ಮಕ್ಕಳೂ, ಕನ್ನಡ ಕಲಿಯುತ್ತಿರುವ ನಿಮ್ಮ ಪಕ್ಕದ ಮನೆಯವರೂ ಬಿಡಿಸಬಹುದು. ನಿಯಮದ ಲಾಭ ಯಾರಿಗೆ ಅಂತ ಅಲ್ಲಿ ಕಣ್ಣಿಗೇ ಕಾಣುತ್ತದೆ.

ಈ ಚೌಕವನ್ನು ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಹೇಗೆ ಓದಿದರೂ ಒಂದೇ. ಕಪ್ಪು ಮನೆ ಒಂದೂ ಇಲ್ಲ. ನಿಮ್ಮ ಪುಟದಲ್ಲಿ ಹಾಕುತ್ತೀರಾ? — ನಿವೃತ್ತ ಬ್ಯಾಂಕ್ ನೌಕರರು, ದಾವಣಗೆರೆ

ಇವರು ಕಳಿಸಿದ ಚೌಕ ಇದು:

ಕ ನ ಕ
ನ ಯ ನ
ಕ ನ ಕ

ನೋಡಿದ ಕೂಡಲೇ ಪಕ್ಕದ ಮೇಜಿನವರನ್ನು ಕರೆದು ತೋರಿಸಿದೆ ಸಾರ್. ಇಟಲಿಯ ಪೊಂಪೇ ಊರಿನ ಅವಶೇಷಗಳಲ್ಲಿ ಇಂಥದೇ ಒಂದು ಲ್ಯಾಟಿನ್ ಚೌಕ ಸಿಕ್ಕಿದೆ. 5×5ರ ಚೌಕ, ನಾಲ್ಕು ಕಡೆಯಿಂದಲೂ ಒಂದೇ ಓದು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಊರು ಮುಚ್ಚಿಹೋಗುವ ಮೊದಲೇ ಯಾರೋ ಅದನ್ನು ಗೀಚಿದ್ದರು. ಅಂದರೆ ಈ ಹುಚ್ಚು ಬಹಳ ಹಳೆಯದು, ನಿಮಗೆ ಒಳ್ಳೆಯ ಜೊತೆಯೇ ಇದೆ.

ಆದರೆ ಪದಬಂಧ ಅಂತ ಹಾಕುವುದಕ್ಕೆ ಆಗುವುದಿಲ್ಲ. ಯಾಕೆಂದರೆ ಬಿಡಿಸುವವರಿಗೆ ಕೆಲಸವೇ ಉಳಿದಿಲ್ಲ. ಅಂಚಿನ ನಾಲ್ಕೂ ಕಡೆ ಕನಕ. ಅದೊಂದು ಹೊಳೆದರೆ ಉಳಿಯುವುದು ನಡುವಿನ 'ಯ' ಮಾತ್ರ. ನಿಮ್ಮ ನಿಯಮದ ಸಂತೋಷವೆಲ್ಲ ನಿಮ್ಮ ಹತ್ತಿರವೇ ಉಳಿದುಬಿಟ್ಟಿದೆ. ಕನಕ ಜಯಂತಿಯ ಸಂಚಿಕೆಯಲ್ಲಿ ಪುಟದ ತಲೆಯ ಮೇಲೆ ಚಿತ್ರದಂತೆ ಇದನ್ನು ಹಾಕಲು ಸಂಪಾದಕರನ್ನು ಖಂಡಿತ ಕೇಳುತ್ತೇನೆ.

ಈಗ ಇದನ್ನೇ ಒಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋಗೋಣ. ಹಿಂದುಮುಂದಾಗಿ ಓದಬೇಕು ಎನ್ನುವುದನ್ನು ಬಿಡಿ. ಅಡ್ಡಸಾಲೂ ಉದ್ದಸಾಲೂ ಒಂದೇ ಆಗಿರಲಿ, ಸಾಕು:

ಹ ಮಾ ಲ
ಮಾ ನ ವ
ಲ ವ ಣ

ಹಮಾಲ, ಮಾನವ, ಲವಣ. ಮೂರೂ ಬೇರೆ ಪದ, ಮೂರೂ ಬಳಕೆಯ ಪದ. ಎಪಿಎಂಸಿ ಅಂಗಳದಲ್ಲಿ ಮೂಟೆ ಹೊರುವವನು, ನಾವು ನೀವು, ಉಪ್ಪು. ಒತ್ತಕ್ಷರ ಇಲ್ಲ, ಅನುಸ್ವಾರವೂ ಇಲ್ಲ. ಜಿಪುಣ 'ಣ'ವನ್ನು ಎಲ್ಲಿ ಕೂರಿಸಿದ್ದೇನೆ ನೋಡಿ. ಕೆಳಗಿನ ಬಲ ಮೂಲೆಯಲ್ಲಿ. ಅಲ್ಲಿಂದ ಯಾವ ಪದವೂ ಹೊರಡಬೇಕಾಗಿಲ್ಲ. ಮಕ್ಕಳ ಪುಟಕ್ಕೆ ಇದು ಸಾಕು.

ಇನ್ನೂ ಒಂದು ಹೆಜ್ಜೆ. ಅಡ್ಡಕ್ಕೂ ಉದ್ದಕ್ಕೂ ಬೇರೆ ಬೇರೆ ಪದ ಬೇಕು. ಮೇಲೆ ಕವನ ಇಡಿ, ಎಡಗಡೆ ಕದನ ಇಳಿಸಿ. ಈಗ ಎರಡನೆಯ ಅಡ್ಡಸಾಲು 'ದ'ದಿಂದ ಶುರು, ಎರಡನೆಯ ಉದ್ದಸಾಲು 'ವ'ದಿಂದ ಶುರು. ಎರಡೂ 'ನ'ದಲ್ಲಿ ಮುಗಿದರೆ ಚೆನ್ನ, ಯಾಕೆಂದರೆ ನ ಬಹಳ ಉದಾರಿ. ನಡುವಿನ ಮನೆಗೆ 'ಮ' ಹಾಕಿದರೆ ದಮನ, ವಮನ. ಎರಡೂ ಪದಗಳೇ. ಇನ್ನು ಕೊನೆಯ ಮೂಲೆ. ಕೆಳಗಿನ ಸಾಲೂ ಬಲಗಡೆಯ ಸಾಲೂ ಈಗ 'ನನ' ಎಂದು ನಿಂತಿವೆ. ನನಗೆ ಹಾಕಬಹುದು, ಆದರೆ ವಿಭಕ್ತಿ ನಮ್ಮ ನಿಯಮಕ್ಕೆ ಹೊರಗು. ನನಸು ಹಾಕಿದರೆ ಸರಿಯಾಗಿ ಕೂರುತ್ತದೆ. ಕನಸು ನನಸಾಯಿತು ಅನ್ನುತ್ತೇವಲ್ಲ, ಆ ನನಸು.

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ವಮನ ಅಂದರೆ ವಾಂತಿ. ಮಾರ್ಗರೆಟ್ ಫರಾರ್ ಅವರ ಕಾಲದಿಂದ ಅಮೆರಿಕದ ಪದಬಂಧಗಳಲ್ಲಿ ಒಂದು ಶಿಸ್ತಿದೆ. ಜನ ಬೆಳಗಿನ ತಿಂಡಿ ತಿನ್ನುತ್ತಾ ಬಿಡಿಸುತ್ತಾರೆ, ತಿಂಡಿ ಕೆಡಿಸುವಂಥ ಪದ ಬೇಡ ಎಂದು. ನನಗೂ ಅದು ಸರಿ ಕಾಣುತ್ತದೆ. 'ಆಯುರ್ವೇದದ ಪಂಚಕರ್ಮಗಳಲ್ಲಿ ಒಂದು (3)' ಅಂತ ಸುಳಿವು ಕೊಟ್ಟು ತಪ್ಪಿಸಿಕೊಳ್ಳಬಹುದು. ಆದರೂ ಉತ್ತರ ಬರೆಯುವಾಗ ಅದೇ ಪದ ಬರೆಯಬೇಕಲ್ಲ. ಅದಕ್ಕೇ ನಡುವಿನ ಆ ಒಂದು ಮನೆಯನ್ನು ಬದಲಿಸಿ, 'ಮ' ತೆಗೆದು 'ಹ' ಹಾಕಿ:

ಕ ವ ನ
ದ ಹ ನ
ನ ನ ಸು

ದಹನ, ವಹನ. ಹೋಳಿ ಹುಣ್ಣಿಮೆಯ ಕಾಮದಹನ, ವಿಜ್ಞಾನ ಪಾಠದ ಉಷ್ಣವಹನ. ಅಡ್ಡಕ್ಕೆ ಕವನ, ದಹನ, ನನಸು. ಉದ್ದಕ್ಕೆ ಕದನ, ವಹನ, ನನಸು. ಐದು ಪದ ಆಯಿತು. ಆ ನನಸು ಎರಡು ಸಲ ಬಂದಿರುವುದು ನನಗೆ ಇನ್ನೂ ಚುಚ್ಚುತ್ತಿದೆ. ಆರೂ ಬೇರೆ ಬೇರೆ ಪದ ಇರುವ, ಧೂಳು ಹಿಡಿದ ಪದ ಇಲ್ಲದ 3×3 ಚೌಕ ಕಟ್ಟಿ ಕಳಿಸಿ ಸಾರ್. ಕನಕ ಮತ್ತು ನಯನವನ್ನು ಹೀಗೆ ಜೋಡಿಸಿದವರಿಗೆ ಇದು ಸಾಧ್ಯ.

ಪದಬಂಧ ಅಂದರೆ ಪಶ್ಚಿಮದಿಂದ ಬಂದ ಆಟ. ನಿಯಮ ಹಾಕಿಕೊಂಡು ಬರೆಯುವುದು ನಮ್ಮಲ್ಲೂ ಇತ್ತಾ ಮೇಡಂ? — ಕನ್ನಡ ಎಂ.ಎ. ವಿದ್ಯಾರ್ಥಿನಿ, ಮೈಸೂರು

ಆಟ ಅಲ್ಲಿಯದೇ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಎನ್ನುವವರು ವಜ್ರದಾಕಾರದ ಮೊದಲ ಪದಬಂಧ ಹಾಕಿದರು. ಹುಚ್ಚು ಮಾತ್ರ ನಮ್ಮಲ್ಲಿ ಅದಕ್ಕಿಂತ ಬಹಳ ಹಳೆಯದು.

ಸಂಸ್ಕೃತ ಕವಿ ದಂಡಿಯ ದಶಕುಮಾರಚರಿತದ 7ನೆಯ ಉಚ್ಛ್ವಾಸ, ಅಂದರೆ ಅಧ್ಯಾಯ, ಓದಿ. ಮಂತ್ರಗುಪ್ತ ತನ್ನ ಕಥೆ ಹೇಳಬೇಕು. ನಲ್ಲೆ ಕಚ್ಚಿದ್ದರಿಂದ ತುಟಿ ನೋಯುತ್ತಿದೆ. ಹಾಗಾಗಿ ತುಟಿ ಕೂಡಿಸಿ ಹೇಳಬೇಕಾದ ಅಕ್ಷರಗಳನ್ನೇ ಬಿಟ್ಟು ಇಡೀ ಕಥೆ ಹೇಳುತ್ತಾನೆ. ಇದಕ್ಕೆ ನಿರೋಷ್ಠ್ಯ ಎನ್ನುತ್ತಾರೆ. ನನಗೆ ಇಷ್ಟವಾಗುವುದು ಆ ಕಾರಣ. ಕವಿ ನಿಯಮ ಹಾಕಿಕೊಂಡ, ಸರಿ. ಆದರೆ ಕಥೆಯೊಳಗೇ ಅದಕ್ಕೊಂದು ನೆಪ ಹುಡುಕಿದ, ಓದುಗರು ಮುಗುಳ್ನಗುವ ಹಾಗೆ ಮಾಡಿದ. ಫ್ರಾನ್ಸಿನ ಜಾರ್ಜ್ ಪೆರೆಕ್ 1969ರಲ್ಲಿ 'ಇ' (e) ಅಕ್ಷರವೇ ಇಲ್ಲದ ಕಾದಂಬರಿ ಬರೆದರು. ಮುಂದೆ ಒಂದು ವಾರಪತ್ರಿಕೆಗೆ ಪದಬಂಧವನ್ನೂ ಕಟ್ಟುತ್ತಿದ್ದರು. ಎರಡೂ ಚಟ ಒಬ್ಬರಲ್ಲೇ ಇದ್ದದ್ದು ನನಗಂತೂ ಆಶ್ಚರ್ಯ ಅನ್ನಿಸುವುದಿಲ್ಲ.

ಇನ್ನು, ಎದುರಿಗೆ ಕೂತವರ ಸವಾಲುಗಳಿಗೆ ಅಲ್ಲೇ ಪದ್ಯ ಕಟ್ಟಿ ಉತ್ತರಿಸುವ ಅವಧಾನಕ್ಕೆ ನೀವು ಹೋಗಿರುತ್ತೀರಿ. ಶತಾವಧಾನಿ ಆರ್. ಗಣೇಶ್ ಅವರ ಅಷ್ಟಾವಧಾನದಲ್ಲಿ ನಿಷೇಧಾಕ್ಷರಿ ನಡೆಯುವಾಗ ಗಮನಿಸಿ. ಅವಧಾನಿ ಪದ್ಯವನ್ನು ಒಂದೊಂದೇ ಅಕ್ಷರವಾಗಿ ಕಟ್ಟುತ್ತಾ ಹೋಗಬೇಕು. ಮುಂದೆ ಯಾವ ಅಕ್ಷರ ಬರಬಹುದು ಎಂದು ಪೃಚ್ಛಕರು, ಅಂದರೆ ಸವಾಲು ಒಡ್ಡುವವರು, ಊಹಿಸಿ, ಅದು ಕೂಡದು ಎನ್ನುತ್ತಾರೆ. ಅವಧಾನಿ ದಾರಿ ಬದಲಿಸಬೇಕು. ಛಂದಸ್ಸೂ ಕೆಡಬಾರದು, ಅರ್ಥವೂ ಕೆಡಬಾರದು. ಅಲ್ಲಿ ಬೇಡ ಅನ್ನುವವರು ಎದುರಿಗೆ ಕೂತಿರುತ್ತಾರೆ. ಪದಬಂಧ ಕಟ್ಟುವವರಿಗೆ ಪೃಚ್ಛಕರೂ ತಾವೇ.

ನಿರೋಷ್ಠ್ಯ ಪದಬಂಧ ಕಟ್ಟುವ ಆಸೆ ನಿಮಗಿದ್ದರೆ ಒಂದು ಎಚ್ಚರಿಕೆ. ಪ ಫ ಬ ಭ ಮ ಬಿಟ್ಟರೆ ಸಾಕು ಎಂದಾದರೆ ಸುಲಭ. ಕಟ್ಟುನಿಟ್ಟಾಗಿ ಹೋದರೆ ಉ, ಊ ತುಟಿಯವೇ. ಒ, ಓ, ಔ ಸಹ ತುಟಿ ಬೇಡುತ್ತವೆ. ವ ಹೇಳಲು ಹಲ್ಲಿಗೆ ತುಟಿ ತಾಗಬೇಕು. ಅಷ್ಟಾದರೆ ಹಾಲು, ನೀರು, ಕಾಡು, ಊರು ಎಲ್ಲ ಹೋಯಿತು. ಮನೆಯಲ್ಲಿ ಅಪ್ಪ ಅಮ್ಮ ಹೋದರು, ಅಜ್ಜ ಅಜ್ಜಿ ಅಕ್ಕ ಅಣ್ಣ ಉಳಿದರು. ಹೋಟೆಲಿನಲ್ಲಿ ದೋಸೆ, ಉಪ್ಪಿಟ್ಟು, ವಡೆ ಇಲ್ಲ. ಇಡ್ಲಿ ಚಟ್ನಿ ಇದೆ. ನೀವು ಕಟ್ಟಿದರೆ ಪದಬಂಧದ ಮೇಲೆ 'ಉತ್ತರಗಳನ್ನು ಗಟ್ಟಿಯಾಗಿ ಓದಿ' ಅಂತ ಒಂದು ಸಾಲು ಹಾಕಿ. ಓದುತ್ತಾ ಓದುತ್ತಾ ಬಿಡಿಸುವವರಿಗೆ ತಾವೇ ಗೊತ್ತಾಗುತ್ತದೆ.

ಆಂಟಿ, 'ಕ' ಕಾಗುಣಿತ ಪೂರ್ತಿ ಬರುವ ಪದಬಂಧ ಮಾಡಲು ಆಗುತ್ತಾ? ನಾನು ಕಃ ಹತ್ತಿರ ನಿಂತಿದ್ದೇನೆ. — 7ನೇ ತರಗತಿ, ಶಿರಸಿ

ಕಃ ಹತ್ತಿರ ನಾನೂ ನಿಂತಿದ್ದೇನೆ ಪುಟ್ಟಿ! ಅದರಿಂದ ಶುರುವಾಗುವ ಬಳಕೆಯ ಪದ ಇಲ್ಲ. ಅದನ್ನು ಬಿಟ್ಟುಬಿಡು, 14 ಮಾಡು. ಕಡಲೆ, ಕಾಗೆ, ಕಿಟಕಿ, ಕೀಲಿ, ಕುರಿ, ಕೂಗು, ಕೃಷಿ, ಕೆರೆ, ಕೇದಗೆ, ಕೈಚೀಲ, ಕೊಡೆ, ಕೋಳಿ, ಕೌದಿ, ಕಂಬಳಿ. ಕೌದಿ ಗೊತ್ತಾ? ಹಳೇ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಹೊದಿಕೆ. ಧಾರವಾಡದ ಕಡೆ ನೆಂಟರಿದ್ದರೆ ಕೇಳು. ಕೌರವ ಹಾಕಿದರೆ ಎಲ್ಲರೂ ತಕ್ಷಣ ಹೇಳುತ್ತಾರೆ, ಕೌದಿ ಹಾಕಿದರೆ ಒಂದು ಕ್ಷಣ ನಿಲ್ಲುತ್ತಾರೆ.

ಆಮೇಲೆ ಇನ್ನೊಂದು ದೊಡ್ಡ ಆಟ ಇದೆ. ವರ್ಣಮಾಲೆಯ ಎಲ್ಲ ಅಕ್ಷರಗಳೂ ಒಂದೇ ಪದಬಂಧದಲ್ಲಿ ಬರಬೇಕು. ಝ ಬಂದರೆ ಝರಿ, ಢ ಬಂದರೆ ಗಾಢ, ಋ ಬಂದರೆ ಋತು, ಔ ಬಂದರೆ ಔತಣ. ವಿಸರ್ಗಕ್ಕೆ ದುಃಖ ಇದೆ. ಎಲ್ಲರೂ ಸಿಕ್ಕಿಬೀಳುವುದು ಙ, ಞ ಹತ್ತಿರ. ಇವು ಒಂಟಿಯಾಗಿ ಬರುವುದಿಲ್ಲ, ಬೇರೆ ಅಕ್ಷರದ ಜೊತೆ ಸೇರಿಕೊಂಡೇ ಬರುತ್ತವೆ. ಜ್ಞಾನದ 'ಜ್ಞಾ'ದಲ್ಲಿ ಞ ಒತ್ತಾಗಿ ಕೂತಿದೆ. ಙ ಬೇಕಾದರೆ ವಾಙ್ಮಯ. ಮೂರು ಮನೆ: ವಾ, ಙ್ಮ, ಯ. ಆ ಙ್ಮ ಮನೆಯ ಮೇಲೂ ಕೆಳಗೂ ಕಪ್ಪು ಮನೆ ಹಾಕು. ಅದರ ಮೂಲಕ ಇನ್ನೊಂದು ಪದ ಹಾಯಿಸಲು ಹೋಗಬೇಡ, ನಿನ್ನ ಬೇಸಿಗೆ ರಜೆ ಮುಗಿದುಹೋಗುತ್ತದೆ. ಕಟ್ಟಿದ ಮೇಲೆ ನಿಮ್ಮ ಕನ್ನಡ ಟೀಚರಿಗೆ ಮೊದಲು ಕೊಡು, ಆಮೇಲೆ ನನಗೆ ಕಳಿಸು.

'ಬಸ್' ಎಷ್ಟು ಮನೆ? — ಓದುಗರು, ಹಾಸನ

ಎರಡು. ಬ ಒಂದು, ಸ್ ಒಂದು. ಆ ಸ್ ಮನೆಯಲ್ಲಿ ಮೇಲಿನಿಂದ ಬರುವ ಪದವೂ ಸ್‌ನಲ್ಲೇ ಮುಗಿಯಬೇಕು, ಆಫೀಸ್ ಥರ. ಹಾಗಾಗಿ ನಾನು ಬಸ್ಸು ಅಂತಲೇ ಬರೆಯುತ್ತೇನೆ. ಮಾತಿನಲ್ಲೂ ಹಾಗೇ ಅನ್ನುತ್ತೇವೆ. ಸೂರ್ಯ ಎರಡು ಮನೆ, ವರ್ಷ ಎರಡು ಮನೆ. ಅರ್ಕಾವತ್ತಿಗೆ ಬೇರೆ ಮನೆ ಕೊಡಬೇಡಿ.

ಇದನ್ನೆಲ್ಲ ಕಂಪ್ಯೂಟರಿಗೆ ಹೇಳಿದರೆ ಒಂದು ಗಳಿಗೆಯಲ್ಲಿ ಮಾಡಿಕೊಡುವುದಿಲ್ಲವೇ? — ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಹುಡುಕುವುದಕ್ಕೆ ಖಂಡಿತ ಸಹಾಯ ಆಗುತ್ತದೆ. ನಡುವೆ 'ವೇ' ಇರುವ ಮೂರಕ್ಷರದ ಪದಗಳೆಲ್ಲ ಒಂದೇ ಕಡೆ ಸಿಕ್ಕರೆ ಯಾರಿಗೆ ಬೇಡ? ಒಂದು ವಿಷಯ ನೆನಪಿಡಿ. 'ಕ್ರೀಡೆ' ನಮಗೆ ಎರಡಕ್ಷರ. ಕಂಪ್ಯೂಟರ್ ಬಳಸುವ ಯುನಿಕೋಡಿನಲ್ಲಿ ಅದು ಕ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ, ರ, ಈಕಾರದ ಚಿಹ್ನೆ, ಡ, ಎಕಾರದ ಚಿಹ್ನೆ ಹೀಗೆ 6 ಸಂಕೇತ. ಹಾಗೇ ಎಣಿಸಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಮೊದಲು ಅಕ್ಷರ ಒಡೆಯುವುದನ್ನು ಬರೆದುಕೊಳ್ಳಿ. ಅದು ಸರಿಯಾದ ಮೇಲೆ, ಪಟ್ಟಿಯಿಂದ ಇಭ, ಅಹಿಗಳನ್ನು ನೀವೇ ಕೈಯಾರೆ ತೆಗೆದುಹಾಕಿ. ಯಾವ ಪದ ಜನರ ಬಾಯಲ್ಲಿದೆ, ಯಾವುದು ನಿಘಂಟಿನಲ್ಲಿ ಮಾತ್ರ ಇದೆ ಎಂಬುದನ್ನು ನೀವೇ ನಿಮ್ಮ ಅಜ್ಜಿಯ ಜೊತೆ ಕೂತು ತೀರ್ಮಾನಿಸಿದರೆ ಒಳ್ಳೆಯದು.

ಇಲ್ಲಿ ಚುನಾವಣೆಯ ದಿನ ಬಂದ ಒಂದು ಕ್ರಾಸ್‌ವರ್ಡಿಗೆ ಎರಡು ಉತ್ತರ ಇದ್ದವಂತೆ, ಯಾರು ಗೆದ್ದರೂ ಸರಿ ಆಗುವಂತೆ. ಕನ್ನಡದಲ್ಲಿ ಸಾಧ್ಯವೇ? — ಕನ್ನಡಿಗ ದಂಪತಿ, ನ್ಯೂಜೆರ್ಸಿ

ಹೌದು, ನಿಯಮ ಹಾಕಿಕೊಂಡು ಕಟ್ಟಿದ ಪದಬಂಧಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದು. 1996ರ ನವೆಂಬರ್ 5, ನ್ಯೂಯಾರ್ಕ್ ಟೈಮ್ಸ್. ಕಟ್ಟಿದವರು ಜೆರೆಮಯಾ ಫ್ಯಾರೆಲ್, ಗಣಿತದ ಪ್ರಾಧ್ಯಾಪಕರು. ನಾಳೆಯ ಪತ್ರಿಕೆಯ ಮುಖ್ಯ ಸುದ್ದಿ ಏನು ಎಂದು ಸುಳಿವು. ಉತ್ತರದಲ್ಲಿ 'ಆಯ್ಕೆಯಾದರು' ಎನ್ನುವ ಭಾಗ ಗಟ್ಟಿ. ಅದರ ಹಿಂದಿನ 7 ಮನೆಗಳಲ್ಲಿ ಕ್ಲಿಂಟನ್ ಎಂದೂ ಬರೆಯಬಹುದು, ಬಾಬ್ ಡೋಲ್ ಎಂದೂ ಬರೆಯಬಹುದು. ಇಂಗ್ಲಿಷಿನಲ್ಲಿ ಎರಡಕ್ಕೂ ಏಳೇಳು ಅಕ್ಷರ. ಆ ಏಳು ಮನೆಗಳಲ್ಲಿ ಇಳಿಯುವ ಏಳು ಪದಗಳಿಗೂ ಎರಡೆರಡು ಉತ್ತರ, ಸುಳಿವು ಒಂದೇ. ಹ್ಯಾಲೊವೀನ್ ಹಬ್ಬದ ಕಪ್ಪು ಪ್ರಾಣಿ ಯಾವುದು ಅಂದರೆ ಕ್ಯಾಟ್ ಅಂದವರೂ ಸರಿ, ಬ್ಯಾಟ್ ಅಂದವರೂ ಸರಿ. ಇಲ್ಲಿ ಕಟ್ಟುವವರ ಕಷ್ಟ ಆಕಾಶದಷ್ಟಿದೆ. ಬಿಡಿಸುವವರಿಗೆ ಅದರ ಸುಳಿವೇ ಇಲ್ಲ. ಮಾರನೆಯ ದಿನ ಪಕ್ಕದ ಮನೆಯವರ ಉತ್ತರ ನೋಡಿದಾಗ ಎಂಥ ಬೆರಗು ಆಗಿರಬೇಕು!

ಕನ್ನಡದಲ್ಲಿ ಏಳು ಮನೆ ನನ್ನ ಕೈಯಲ್ಲಂತೂ ಆಗದು. ಒಂದು ಮನೆಯಲ್ಲಿ ಖಂಡಿತ ಸಾಧ್ಯ. ಬೇರೆ ಕಡೆ ನಮ್ಮನ್ನು ಗೋಳು ಹೊಯ್ದುಕೊಳ್ಳುವ ಒತ್ತಕ್ಷರಗಳೇ ಇಲ್ಲಿ ಕೈಹಿಡಿಯುತ್ತವೆ. ನಮ್ಮ ನೆಂಟರೆಲ್ಲ ಒಂದೇ ಅಚ್ಚಿನಲ್ಲಿ ಇದ್ದಾರೆ: ಅಪ್ಪ, ಅಮ್ಮ, ಅಕ್ಕ, ಅಣ್ಣ, ಅಜ್ಜ. ಎಲ್ಲರೂ ಎರಡು ಮನೆ, ಎಲ್ಲರಿಗೂ ಮೊದಲ ಮನೆ 'ಅ'. ಹಾಗಾಗಿ ಎಡದಿಂದ ಬಲಕ್ಕೆ ಹೀಗೆ ಕೊಡಿ: 'ಹೆತ್ತವರಲ್ಲಿ ಒಬ್ಬರು (2)'. ಕೆಲವರು ಅಮ್ಮ ಬರೆಯುತ್ತಾರೆ, ಕೆಲವರು ಅಪ್ಪ. ಅದೇ ಎರಡನೆಯ ಮನೆಯಲ್ಲಿ ಕೊನೆಗೊಳ್ಳುವಂತೆ ಮೇಲಿನಿಂದ ಕೆಳಕ್ಕೆ ಒಂದು ಪದ ಇಳಿಸಿ: 'ಬಯಲುಸೀಮೆಯ ಹಳ್ಳಿಯಲ್ಲಿ ಕೂಗಿದರೆ ಓಗೊಡುವ ಗಂಡಸಿನ ಹೆಸರು (2)'. ತಿಮ್ಮ ಆದರೂ ಸರಿ, ತಿಪ್ಪ ಆದರೂ ಸರಿ. ಮೂರು ಮನೆ ಬೇಕಿದ್ದರೆ ತಿಮ್ಮಯ್ಯ, ತಿಪ್ಪಯ್ಯ. ಇದನ್ನು ಮನೆಯಲ್ಲಿ ಅಮ್ಮನ ಮಗ, ಅಪ್ಪನ ಮಗಳು ಇಬ್ಬರಿಗೂ ಬೇರೆ ಬೇರೆ ಕೊಟ್ಟು ನೋಡಿ. ಯಾರು ಏನು ಬರೆದರು ಅಂತ ನನಗೆ ಬರೆದು ತಿಳಿಸಿ.

ಹಾಕಿಕೊಂಡ ನಿಯಮವನ್ನು ಮುರಿಯಬಹುದೇ? — ಅಂಚೆ ಇಲಾಖೆಯವರು, ಕಾರ್ಕಳ

ಮುರಿಯಬಹುದು, ಆದರೆ ಯಾವುದನ್ನು ಮೊದಲು ಎಂಬುದು ಗೊತ್ತಿರಬೇಕು. ನಾನು ಮೊದಲು ಬಿಡುವುದು ಚಿತ್ರದ ಸಮರೂಪವನ್ನು. ಬಿಡಿಸುವವರಲ್ಲಿ ಹೆಚ್ಚಿನವರು ಪುಟ ತಲೆಕೆಳಗು ಮಾಡಿ ನೋಡುವುದೇ ಇಲ್ಲ. ಎರಡನೆಯದಾಗಿ ಒಂದು ಕಪ್ಪು ಮನೆ ಜಾಸ್ತಿ ಹಾಕುತ್ತೇನೆ. ಅದೂ ಸಾಲದಿದ್ದರೆ ಆ ಪದಬಂಧದ ವಿಶೇಷ ನಿಯಮವನ್ನೇ ಕೈಬಿಟ್ಟು, ಮಾಮೂಲಿ ಪದಬಂಧವಾಗಿ ಕಳಿಸುತ್ತೇನೆ. ಒತ್ತಕ್ಷರ ಇಲ್ಲ ಎಂದು ಮೇಲೆ ಬರೆದು ಒಳಗೆ ಒಂದೇ ಒಂದು ಒತ್ತಕ್ಷರ ನುಸುಳಿಸುವುದು ಮಾತ್ರ ಕೂಡದು. ಅದನ್ನು ನಂಬಿ ಮಗುವಿನ ಕೈಗೆ ಕೊಟ್ಟವರು ಇರುತ್ತಾರೆ. ಅಹಿ, ಇಭಗಳಿಗೆ ಬಾಗಿಲು ತೆರೆಯುವುದು ನನ್ನ ಪಟ್ಟಿಯಲ್ಲೇ ಇಲ್ಲ.

ಮುಂದಿನ ಸಂಚಿಕೆಗೆ 5×5 ಅಥವಾ 7×7ರ ಚೌಕ ಕಳಿಸಿ. ಸುಳಿವುಗಳ ಹಾಳೆ ಬೇರೆ, ಉತ್ತರಗಳ ಹಾಳೆ ಬೇರೆ ಇರಲಿ. ಯಾವ ನಿಯಮ ಹಾಕಿಕೊಂಡಿದ್ದೀರಿ ಎಂದು ಎಲ್ಲೂ ಬರೆಯಬೇಡಿ. ಬಿಡಿಸುತ್ತಾ ನನಗೇ ಹೊಳೆಯುತ್ತದಾ ನೋಡುತ್ತೇನೆ.